ಟಿಣ್ ಎಂದದ್ದೆಲ್ಲ ಬೆಳ್ಳಿಯಲ್ಲ: ಮೆಟಲ್ ಡಿಟೆಕ್ಟರ್ ಸದ್ದನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಅಮೆರಿಕದ ಹಳೆಯ ಊರೊಂದರ ಸಾರ್ವಜನಿಕ ಪಾರ್ಕಿನ ಹುಲ್ಲಿನಡಿ ನೂರು ವರ್ಷದ ಲೋಹ ಬೆರೆತು ಬಿದ್ದಿರುತ್ತದೆ. ಪಿಕ್‌ನಿಕ್‌ಗೆ ಬಂದವರ ಜೇಬಿನಿಂದ ಜಾರಿದ ಚಿಲ್ಲರೆ, ಸೋಡಾ ಬಾಟಲಿಯ ಮುಚ್ಚಳ, ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಎಳೆಗೊಂಡಿ, ಚಾಕೊಲೇಟಿನ ಬೇಗಡೆ, ಬೆಂಚಿನಿಂದ ಕಳಚಿದ ಮೊಳೆ, ಯಾರದೋ ಬೆರಳಿನ ಉಂಗುರ. ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿ ನಡೆದರೆ ಹೆಜ್ಜೆಗೊಂದು ಸದ್ದು. ಎಲ್ಲ ಸದ್ದಿಗೂ ಅಗೆಯುತ್ತ ಕೂತರೆ ಸಂಜೆಯ ಹೊತ್ತಿಗೆ ಚೀಲದ ತುಂಬ ಕಸ, ಸೊಂಟದ ತುಂಬ ನೋವು. ಸಂಶಯ ಬಂದದ್ದನ್ನೆಲ್ಲ ಬಿಟ್ಟು ಮುಂದೆ ಹೋದರೆ ಬೆಳ್ಳಿಯೂ ಅಲ್ಲೇ ಉಳಿಯುತ್ತದೆ. ನಾಣ್ಯ ಹುಡುಕುವವರ ಕಸುಬೆಲ್ಲ ಇರುವುದು ಈ ಎರಡರ ನಡುವೆ.

ಹೊಸಬರು ಪರದೆಯ ಮೇಲೆ ಮೂಡುವ ಸಂಖ್ಯೆಯನ್ನೇ ವಸ್ತುವಿನ ಹೆಸರೆಂದು ತಿಳಿಯುತ್ತಾರೆ. ಯಂತ್ರಕ್ಕೆ ಹೆಸರು ಗೊತ್ತಿಲ್ಲ. ಮಣ್ಣಿನೊಳಗಿನ ಲೋಹದ ತುಂಡೊಂದು ಯಂತ್ರದ ಕಾಂತಕ್ಷೇತ್ರವನ್ನು ಎಷ್ಟು ಕದಡಿತು, ಹೇಗೆ ಕದಡಿತು ಎಂಬುದಷ್ಟೇ ಅದಕ್ಕೆ ಗೊತ್ತು. ಅದರಿಂದ ವಸ್ತು ಯಾವುದಿರಬಹುದು ಎಂದು ಊಹಿಸಬೇಕಾದವರು ನಾವು. ಎಳನೀರು ಮಾರುವವನು ಕಾಯಿ ತಟ್ಟಿ ಗಂಜಿಯೋ ಬರೀ ನೀರೋ ಎಂದು ಹೇಳುತ್ತಾನಲ್ಲ, ಇದೂ ಅದೇ ಬಗೆಯ ವಿದ್ಯೆ. ಸದ್ದು ಎಲ್ಲರಿಗೂ ಕೇಳುತ್ತದೆ. ಕೊಚ್ಚಿ ನೋಡಿದ ಕಾಯಿಗಳ ನೆನಪು ಇದ್ದವನಿಗೆ ಮಾತ್ರ ಅದರ ಅರ್ಥ ತಿಳಿಯುತ್ತದೆ.

ಯಂತ್ರ ಅಳೆಯುವುದೇನನ್ನು?

ನಾಣ್ಯ ಹುಡುಕಲು ಬಳಸುವ ಬಹುಪಾಲು ಡಿಟೆಕ್ಟರ್‌ಗಳು ವಿಎಲ್ಎಫ್, ಅಂದರೆ ಅತಿ ಕಡಿಮೆ ಆವರ್ತನದ ಬಗೆಯವು. ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಕೆಲವು ಸಾವಿರ ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಕಳಿಸುತ್ತದೆ. ಇನ್ನೊಂದು ಕೇಳಿಸಿಕೊಳ್ಳುವ ಸುರುಳಿ. ಮೊದಲನೆಯದರ ಕ್ಷೇತ್ರ ತನಗೆ ನೇರವಾಗಿ ತಟ್ಟದಂತೆ ಅದನ್ನು ಸಮತೋಲದಲ್ಲಿ ಕೂರಿಸಿರುತ್ತಾರೆ. ಹಾಗಾಗಿ ನೆಲದಲ್ಲಿ ಏನೂ ಇಲ್ಲದಿದ್ದರೆ ಯಂತ್ರ ಸುಮ್ಮನಿರುತ್ತದೆ.

ಆ ಕ್ಷೇತ್ರದೊಳಗೆ ನಾಣ್ಯವೊಂದು ಬಂದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ವಿದ್ಯುತ್ ಹರಿಯುತ್ತದೆ. ಈ ಸುಳಿ ವಿದ್ಯುತ್ ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಕೇಳುವ ಸುರುಳಿಗೆ ತಟ್ಟುವುದು ಅದು. ಯಂತ್ರ ಇಲ್ಲಿ ಎರಡು ವಿಷಯ ಅಳೆಯುತ್ತದೆ. ಒಂದು, ಉತ್ತರ ಎಷ್ಟು ಜೋರಾಗಿದೆ. ಇನ್ನೊಂದು, ಕಳಿಸಿದ ಅಲೆಗೂ ಮರಳಿ ಬಂದ ಅಲೆಗೂ ನಡುವೆ ಎಷ್ಟು ತಡವಾಗಿದೆ. ಪರದೆಯ ಸಂಖ್ಯೆ ಹುಟ್ಟುವುದು ಈ ತಡದಿಂದ.

ಬೇಗಡೆಯಂಥ ತೆಳು ವಸ್ತುವಿನಲ್ಲಿ ಸುಳಿ ವಿದ್ಯುತ್ ಹುಟ್ಟಿದಷ್ಟೇ ಬೇಗ ಸಾಯುತ್ತದೆ. ಹಾಗಾಗಿ ತಡ ಕಡಿಮೆ, ಸಂಖ್ಯೆಯೂ ಕಡಿಮೆ. ದಪ್ಪನೆಯ ದೊಡ್ಡ ಬೆಳ್ಳಿ ನಾಣ್ಯದಲ್ಲಿ ಅದು ನಿಧಾನವಾಗಿ ಅಡಗುತ್ತದೆ. ತಡ ಹೆಚ್ಚು, ಸಂಖ್ಯೆಯೂ ಹೆಚ್ಚು. ಅಂದರೆ ಸಂಖ್ಯೆಯಲ್ಲಿ ಲೋಹದ ವಾಹಕತೆಯ ಜೊತೆಗೆ ವಸ್ತುವಿನ ಅಗಲ, ದಪ್ಪ, ಆಕಾರಗಳೂ ಸೇರಿಕೊಂಡಿರುತ್ತವೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದೆ ಬರುವ ಅರ್ಧ ಗೊಂದಲಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಸಂಖ್ಯೆಗಳ ಸಾಲು

ಶುದ್ಧ ತಾಮ್ರದ ವಾಹಕತೆಯನ್ನು 100 ಎಂದಿಟ್ಟುಕೊಂಡರೆ ಬೆಳ್ಳಿಯದು ಸುಮಾರು 105, ಚಿನ್ನದ್ದು 70ರ ಆಸುಪಾಸು, ಅಲ್ಯುಮಿನಿಯಂನದು 60ರ ಹತ್ತಿರ, ಸತುವಿನದು 28ರಷ್ಟು. ಮುಕ್ಕಾಲು ತಾಮ್ರ, ಕಾಲು ನಿಕಲ್ ಬೆರೆಸಿದ ಮಿಶ್ರಲೋಹದ್ದು ಬರೀ 5. ಬೆರಕೆ ಹೆಚ್ಚಿದಷ್ಟೂ ವಿದ್ಯುತ್ತಿನ ದಾರಿ ಕಷ್ಟವಾಗುತ್ತದೆ.

ಅಮೆರಿಕದ ಚಿಲ್ಲರೆಯನ್ನು ಈ ಲೆಕ್ಕದಲ್ಲಿ ನೋಡೋಣ. ಐದು ಸೆಂಟಿನ ನಿಕಲ್ ನಾಣ್ಯ 5 ಗ್ರಾಂ ತೂಗುತ್ತದೆ, ಅಗಲ 21.2 ಮಿಲಿಮೀಟರ್. ಆದರೂ ಅದು ಮೇಲೆ ಹೇಳಿದ ಬೆರಕೆ ಲೋಹದ್ದಾದ್ದರಿಂದ ಸಾಲಿನಲ್ಲಿ ಕೆಳಗೆ ಕೂರುತ್ತದೆ. ಹತ್ತು ಸೆಂಟಿನ ಡೈಮ್ ಅದಕ್ಕಿಂತ ಚಿಕ್ಕದು, ಅಗಲ 17.9 ಮಿಲಿಮೀಟರ್ ಮಾತ್ರ. 1964ರವರೆಗಿನ ಡೈಮ್‌ಗಳಲ್ಲಿ ಶೇ. 90 ಬೆಳ್ಳಿ, ಆನಂತರದವು ತಾಮ್ರದ ತಿರುಳಿಗೆ ನಿಕಲ್ ಬೆರಕೆಯ ಹೊದಿಕೆ ಹಾಕಿದವು. ಎರಡೂ ಮೇಲಿನ ಸಾಲಿನಲ್ಲಿ ಬರುತ್ತವೆ. 24.3 ಮಿಲಿಮೀಟರಿನ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಡೈಮ್‌ಗಿಂತ ಮೇಲೆ. ಅರ್ಧ ಡಾಲರ್ ಅದಕ್ಕೂ ಮೇಲೆ.

ಒಂದು ಸೆಂಟಿನ ಕಥೆ ಬೇರೆ. 1982ರಲ್ಲಿ ಅದರ ಲೋಹವೇ ಬದಲಾಯಿತು. ಅದಕ್ಕೆ ಮುಂಚೆ ಶೇ. 95 ತಾಮ್ರ, ತೂಕ 3.11 ಗ್ರಾಂ. ಆಮೇಲೆ ಶೇ. 97.5 ಸತು, ಮೇಲೊಂದು ತೆಳು ತಾಮ್ರದ ಲೇಪ, ತೂಕ 2.5 ಗ್ರಾಂ. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಬೇರೆಬೇರೆ. ತಾಮ್ರದ ಸೆಂಟ್ ಡೈಮ್‌ನ ಪಕ್ಕದಲ್ಲೇ ಕೂರುತ್ತದೆ, ಸತುವಿನದು ಒಂದು ಮೆಟ್ಟಿಲು ಕೆಳಗೆ.

ಪ್ರತಿ ಕಂಪನಿಗೂ ತನ್ನದೇ ಅಳತೆಪಟ್ಟಿ. ಗ್ಯಾರೆಟ್ ಕಂಪನಿಯ ಎಟಿ ಪ್ರೊ ಯಂತ್ರದಲ್ಲಿ ನಿಕಲ್ 52ರ ಆಸುಪಾಸು, ಡೈಮ್ 80ರಿಂದ 84ರೊಳಗೆ, ಕ್ವಾರ್ಟರ್ 80ರ ದಶಕದ ಕೊನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಮೈನ್‌ಲ್ಯಾಬ್‌ನ ಈಕ್ವಿನಾಕ್ಸ್ 800ರ ಪಟ್ಟಿ -9ರಿಂದ 40ರವರೆಗೆ ಮಾತ್ರ. ಅದರಲ್ಲಿ ನಿಕಲ್ 12-13, ಸತುವಿನ ಸೆಂಟ್ 20ರ ಹತ್ತಿರ, ಡೈಮ್ ಮತ್ತು ತಾಮ್ರದ ಸೆಂಟ್ 25ರ ಸುತ್ತಮುತ್ತ, ಕ್ವಾರ್ಟರ್ 30ರ ಆಸುಪಾಸು. ಆದ್ದರಿಂದ ಇನ್ನೊಬ್ಬರು ಹೇಳಿದ ಸಂಖ್ಯೆಯನ್ನು ಬಾಯಿಪಾಠ ಮಾಡಿ ಉಪಯೋಗವಿಲ್ಲ. ಸಾಲಿನಲ್ಲಿ ಯಾರ ಮುಂದೆ ಯಾರು ಎಂಬ ಕ್ರಮ ಮಾತ್ರ ಎಲ್ಲ ಯಂತ್ರಗಳಿಗೂ ಒಂದೇ: ಕಬ್ಬಿಣ, ಬೇಗಡೆ, ನಿಕಲ್, ಎಳೆಗೊಂಡಿ, ಸತುವಿನ ಸೆಂಟ್, ತಾಮ್ರದ ಸೆಂಟ್ ಮತ್ತು ಡೈಮ್, ಕ್ವಾರ್ಟರ್, ಅರ್ಧ ಡಾಲರ್.

ಒಂದೇ ಸಂಖ್ಯೆಗೆ ಹಲವು ಒಡೆಯರು

ಕ್ರಮ ತಿಳಿದ ಮೇಲೂ ತೊಡಕು ಉಳಿಯುತ್ತದೆ, ಏಕೆಂದರೆ ನಾಣ್ಯಗಳ ನಡುವಿನ ಜಾಗವನ್ನೆಲ್ಲ ಕಸ ತುಂಬಿಕೊಂಡಿದೆ. ಪಾನೀಯದ ಡಬ್ಬಿಯ ಎಳೆಗೊಂಡಿ ಅಲ್ಯುಮಿನಿಯಂನದು. ಅದರಲ್ಲಿ ಉಂಗುರದಂಥವು, ನಾಲಿಗೆ ಮುರಿದವು, ಮಡಿಸಿಕೊಂಡವು ಎಂದು ಹತ್ತಾರು ಬಗೆ. ಒಂದೊಂದರ ಸಂಖ್ಯೆಯೂ ಒಂದೊಂದು. ಹೆಚ್ಚಿನವು ನಿಕಲ್‌ಗೂ ಸತುವಿನ ಸೆಂಟಿಗೂ ನಡುವೆ ಬೀಳುತ್ತವೆ, ಕೆಲವು ನಿಕಲ್‌ನ ಸಂಖ್ಯೆಯ ಮೇಲೆಯೇ ಕೂರುತ್ತವೆ.

ಚಿನ್ನದ ಉಂಗುರವೂ ಬೀಳುವುದು ಇದೇ ಜಾಗದಲ್ಲಿ. ಶುದ್ಧ ಚಿನ್ನದ ವಾಹಕತೆ ಚೆನ್ನಾಗಿದ್ದರೂ ಅಮೆರಿಕದಲ್ಲಿ ಸಾಮಾನ್ಯವಾದ 14 ಕ್ಯಾರೆಟ್ ಉಂಗುರದಲ್ಲಿ ಬೆರಕೆ ಬಹಳ. ಮೇಲಾಗಿ ವಸ್ತು ಚಿಕ್ಕದು. ಹೆಂಗಸರ ತೆಳು ಉಂಗುರ ಬೇಗಡೆಯ ಮಟ್ಟಕ್ಕೂ ಇಳಿಯಬಹುದು, ಗಂಡಸರ ದಪ್ಪ ಉಂಗುರ ಎಳೆಗೊಂಡಿಯ ನಡುಮಧ್ಯೆ ಬರಬಹುದು. ಎಳೆಗೊಂಡಿಯ ಸಂಖ್ಯೆಗಳನ್ನೆಲ್ಲ ಯಂತ್ರದಲ್ಲಿ ಮುಚ್ಚಿಸಿಬಿಟ್ಟವರು ಚಿನ್ನವನ್ನೂ ಮುಚ್ಚಿಸಿದಂತೆಯೇ. ಕಡಲತೀರದಲ್ಲಿ ಹುಡುಕುವವರು ಕಬ್ಬಿಣ ಬಿಟ್ಟು ಉಳಿದದ್ದೆಲ್ಲವನ್ನೂ ತೋಡುವುದು ಇದೇ ಕಾರಣಕ್ಕೆ. ಮರಳಿನಲ್ಲಿ ತೋಡುವ ಶ್ರಮ ಕಡಿಮೆ, ಉಂಗುರ ಕಳೆದುಕೊಂಡವರ ಸಂಖ್ಯೆ ಹೆಚ್ಚು.

ಸತುವಿನ ಸೆಂಟಿನ ಜಾಗದಲ್ಲೂ ಹೀಗೇ ನೂಕುನುಗ್ಗಲು. ಬಾಟಲಿಗಳ ಅಲ್ಯುಮಿನಿಯಂ ತಿರುಪು ಮುಚ್ಚಳ ಅಲ್ಲಿಗೇ ಬರುತ್ತದೆ. 1859ರಿಂದ 1909ರವರೆಗೆ ಟಂಕಿಸಿದ ಇಂಡಿಯನ್ ಹೆಡ್ ಸೆಂಟ್ ಸಂಗ್ರಾಹಕರಿಗೆ ಪ್ರಿಯ. ಅದೂ ಆಗಾಗ ಇದೇ ಸಂಖ್ಯೆ ತೋರಿಸುತ್ತದೆ. ಜೊತೆಗೆ ಸತು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಅಂಚು ತಿಂದುಹೋದ ಸತುವಿನ ಸೆಂಟಿನ ಸಂಖ್ಯೆ ಹಾಗೆಯೇ ಕೆಳಕ್ಕೆ ಜಾರುತ್ತ ಹೋಗುತ್ತದೆ. ಡೈಮ್‌ನ ಸಂಖ್ಯೆ ನೋಡಿ ಅದು ಬೆಳ್ಳಿಯದೋ ಹೊದಿಕೆಯದೋ ಎಂದು ಖಚಿತವಾಗಿ ಹೇಳುವುದೂ ಕಷ್ಟ. ಅಲ್ಲಿ ನೆರವಿಗೆ ಬರುವುದು ಆಳ ಮತ್ತು ಜಾಗದ ಚರಿತ್ರೆ.

ಮೊದಲು ಕಿವಿ, ಆಮೇಲೆ ಕಣ್ಣು

ಅನುಭವಿಗಳು ನಡೆಯುವಾಗ ಪರದೆ ನೋಡುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಪರದೆಯ ಸಂಖ್ಯೆ ಯಂತ್ರ ತೆಗೆದ ತೀರ್ಮಾನದ ಸಾರಾಂಶ. ಸದ್ದಿನಲ್ಲಿ ಅದಕ್ಕಿಂತ ಹೆಚ್ಚು ವಿವರವಿರುತ್ತದೆ.

ಹೆಚ್ಚಿನ ಯಂತ್ರಗಳು ಕಬ್ಬಿಣಕ್ಕೆ ತಗ್ಗು ಸ್ವರ, ನಡುವಿನ ಲೋಹಗಳಿಗೆ ಮಧ್ಯಮ ಸ್ವರ, ತಾಮ್ರ-ಬೆಳ್ಳಿಗೆ ಏರುಸ್ವರ ಕೊಡುತ್ತವೆ. ಮೊಳೆ ‘ಗೊರ್’ ಎಂದು ಗೊರಗುಟ್ಟುತ್ತದೆ. ಬೆಳ್ಳಿ ಡೈಮ್ ‘ಟಿಣ್’ ಎನ್ನುತ್ತದೆ: ಚಿಕ್ಕದು, ದುಂಡಗಿನದು, ಶುರುವೂ ಕೊನೆಯೂ ಸ್ಪಷ್ಟ. ಸುಕ್ಕಾದ ಬೇಗಡೆ, ಹರಿದ ಡಬ್ಬಿಯ ಚೂರು ‘ಕ್ರ್ಯಾಕ್’ ಎಂದು ಒಡೆದ ಸದ್ದು ಮಾಡುತ್ತವೆ. ನಾಣ್ಯ ದುಂಡಗೆ ಚಪ್ಪಟೆಯಾಗಿರುವುದರಿಂದ ಯಾವ ಕಡೆಯಿಂದ ಬಂದರೂ ಅದರ ಸುಳಿ ವಿದ್ಯುತ್ ಒಂದೇ ರೀತಿ ಹರಿಯುತ್ತದೆ. ಅಡ್ಡಾದಿಡ್ಡಿ ಆಕಾರದ ಕಸಕ್ಕೆ ಆ ಸಮತೆ ಇಲ್ಲ.

ಸದ್ದಿನ ಉದ್ದವೂ ಒಂದು ಸುಳಿವು. ತಟ್ಟೆ ದಾಟುವಷ್ಟರಲ್ಲಿ ಚುಟುಕಾಗಿ ಮುಗಿದರೆ ವಸ್ತು ಚಿಕ್ಕದು. ಎಳೆದೆಳೆದು ಬಂದರೆ ದೊಡ್ಡದು, ಡಬ್ಬಿಯೋ ಪೈಪೋ ಇರಬೇಕು. ಒಂದೇ ಬೀಸಿಗೆ ಎರಡು ಸಲ ಟಿಣ್ ಎಂದರೆ ಆಳವಿಲ್ಲದ ಜಾಗದಲ್ಲಿ ನಾಣ್ಯ ಅಂಚಿನ ಮೇಲೆ ನಿಂತಿರಬಹುದು. ಅಂಚಿನ ಮೇಲೆ ನಿಂತ ನಾಣ್ಯ ಕ್ಷೇತ್ರಕ್ಕೆ ಮುಖ ಕೊಡುವುದಿಲ್ಲವಾದ್ದರಿಂದ ಅದರ ಉತ್ತರ ಮಲಗಿದ ನಾಣ್ಯದ್ದಕ್ಕಿಂತ ಕ್ಷೀಣ. ಸದ್ದು ಮೆತ್ತಗಿದೆ ಎಂದ ಮಾತ್ರಕ್ಕೆ ಕೈಬಿಡಬಾರದು. ಮೆತ್ತಗಿದ್ದೂ ಸ್ವಚ್ಛವಾಗಿದ್ದರೆ ಅದು ಆಳದ ನಾಣ್ಯದ ಲಕ್ಷಣ.

ಆಳದ ಲೆಕ್ಕ ನಿರ್ದಯವಾದದ್ದು. ತಟ್ಟೆಯ ಅಳತೆಯನ್ನು ಮೀರಿದ ದೂರದಲ್ಲಿ, ದೂರ ಇಮ್ಮಡಿಯಾದರೆ ನೆಲಕ್ಕಿಳಿಯುವ ಕ್ಷೇತ್ರ ಎಂಟರಲ್ಲೊಂದು ಪಾಲಾಗುತ್ತದೆ. ಮರಳಿ ಬರುವ ಉತ್ತರವೂ ಹಾಗೆಯೇ ಎಂಟರಲ್ಲೊಂದಾಗುತ್ತದೆ. ಎರಡೂ ಸೇರಿ ಅರವತ್ತನಾಲ್ಕರಲ್ಲೊಂದು. ನಾಣ್ಯದಷ್ಟು ವಸ್ತು ಒಂದು ಅಡಿ ಆಳದಲ್ಲಿ ಸಿಕ್ಕುವುದು ಅಪರೂಪ ಎನ್ನುವುದರ ಹಿಂದೆ ಈ ಲೆಕ್ಕವಿದೆ. ತಟ್ಟೆಯನ್ನು ನೆಲಕ್ಕೆ ಎರಡು-ಮೂರು ಸೆಂಟಿಮೀಟರ್ ಹತ್ತಿರ, ಮಟ್ಟಸವಾಗಿ, ನಿಧಾನವಾಗಿ ಬೀಸಿ ಎಂದು ಮತ್ತೆಮತ್ತೆ ಹೇಳುವುದೂ ಇದಕ್ಕೇ. ಬೀಸಿನ ಎರಡು ತುದಿಗಳಲ್ಲಿ ತಟ್ಟೆ ಮೇಲಕ್ಕೆದ್ದರೆ ಅಷ್ಟೂ ಆಳ ಕೈಬಿಟ್ಟಂತೆ.

ಅಗೆಯುವ ಮುನ್ನ ಐದು ಪರೀಕ್ಷೆ

ಸದ್ದು ಕೇಳಿತು. ಸಲಿಕೆ ಊರುವ ಮುನ್ನ ಅರ್ಧ ನಿಮಿಷ ಅದನ್ನು ವಿಚಾರಿಸಬೇಕು.

ಒಂದು, ಮರುಕಳಿಸುತ್ತದೆಯೇ? ಅದೇ ಜಾಗದ ಮೇಲೆ ಚಿಕ್ಕದಾಗಿ ನಾಲ್ಕೈದು ಸಲ ಬೀಸಿ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಒಂದೇ ಸ್ವರ ಬಂದರೆ ಒಳ್ಳೆಯ ಗುರುತು. ಒಂದೇ ದಿಕ್ಕಿನಲ್ಲಿ ಮಾತ್ರ ಕೇಳಿದರೆ ಸಂಶಯ.

ಎರಡು, ತಿರುಗಿ ನಿಂತರೂ ಕೇಳುತ್ತದೆಯೇ? ವಸ್ತುವಿನ ಸುತ್ತ ಕಾಲು ಸುತ್ತು ನಡೆದು, ಮೊದಲಿನ ಬೀಸಿಗೆ ಅಡ್ಡಲಾಗಿ ಬೀಸಿ. ನಾಣ್ಯ ಎರಡೂ ಕಡೆಯಿಂದ ಒಂದೇ ಥರ ಕೇಳುತ್ತದೆ. ಉದ್ದನೆಯ ಮೊಳೆ ಒಂದು ಕಡೆಯಿಂದ ಟಿಣ್ ಎಂದು, ಇನ್ನೊಂದು ಕಡೆಯಿಂದ ಗೊರ್ ಎನ್ನುತ್ತದೆ.

ಮೂರು, ಸಂಖ್ಯೆ ಎಷ್ಟು ಕುಣಿಯುತ್ತದೆ? 82, 83, 82 ಎಂದರೆ ನಂಬಬಹುದು. 60, 84, 41 ಎಂದು ಹಾರಾಡಿದರೆ ಕಸವಾಗಿರಬಹುದು, ಕಸದ ಪಕ್ಕದಲ್ಲಿರುವ ನಾಣ್ಯವೂ ಆಗಿರಬಹುದು. ಹಾರಾಟದ ನಡುವೆ ಒಂದು ಎತ್ತರದ ಸಂಖ್ಯೆ ಪದೇಪದೇ ಮರಳಿ ಬರುತ್ತಿದ್ದರೆ ತೋಡಿ ನೋಡುವುದು ಲೇಸು.

ನಾಲ್ಕು, ಎಷ್ಟು ದೊಡ್ಡದು? ತಟ್ಟೆಯನ್ನು ಮೆಲ್ಲಗೆ ಮೇಲಕ್ಕೆತ್ತುತ್ತ ಹೋಗಿ. ನಾಣ್ಯದ ಸದ್ದು ಬೇಗ ಕುಗ್ಗುತ್ತದೆ. ಒಂದು ಅಡಿ ಮೇಲೆತ್ತಿದರೂ ಅರಚುತ್ತಿದ್ದರೆ ಅದು ಡಬ್ಬಿ. ಪರದೆಯ ಆಳಸೂಚಕವು ವಸ್ತು ನಾಣ್ಯದಷ್ಟೇ ಇದೆ ಎಂದುಕೊಂಡು ಲೆಕ್ಕ ಹಾಕುತ್ತದೆ. ಆಳದಲ್ಲಿ ಹೂತ ಡಬ್ಬಿಯನ್ನು ಅದು ಮೇಲಿನ ನಾಣ್ಯವೆಂದು ತೋರಿಸುವುದು ಹೀಗೆ. ಪಿನ್‌ಪಾಯಿಂಟ್ ಗುಂಡಿ ಒತ್ತಿ ಸದ್ದು ಎಲ್ಲಿಂದ ಎಲ್ಲಿಯವರೆಗಿದೆ ಎಂದು ಗುರುತಿಸಿದರೂ ಗಾತ್ರದ ಅಂದಾಜು ಸಿಗುತ್ತದೆ.

ಐದು, ಅಂಚಿನಲ್ಲಿ ಏನಾಗುತ್ತದೆ? ಚಿಕ್ಕದಾಗಿ ಬೀಸುತ್ತಲೇ ತಟ್ಟೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ವಸ್ತು ತಟ್ಟೆಯ ಮುಂದಿನ ಅಂಚಿಗೆ ಬರುವವರೆಗೂ ಏರುಸ್ವರವೇ ಇದ್ದು ಅಲ್ಲಿಗೆ ನಿಂತುಹೋದರೆ ಒಳ್ಳೆಯದು. ಅಂಚಿಗೆ ಬರುತ್ತಿದ್ದಂತೆ ಸ್ವರ ತಗ್ಗಿ ಗೊರಗುಟ್ಟಿದರೆ ಅದು ಕಬ್ಬಿಣ, ಹೆಚ್ಚಾಗಿ ಬಾಟಲಿಯ ಮುಚ್ಚಳ.

ಕಬ್ಬಿಣದ ಎರಡು ಮುಖ

ಕಬ್ಬಿಣ ಇಷ್ಟೆಲ್ಲ ಮೋಸ ಮಾಡುವುದು ಏಕೆಂದರೆ ಅದು ಎರಡು ರೀತಿ ಉತ್ತರ ಕೊಡುತ್ತದೆ. ತಾನೇ ಕಾಂತವಾಗುವ ಲೋಹವಾದ್ದರಿಂದ ಕಾಂತಕ್ಷೇತ್ರವನ್ನು ತಡವಿಲ್ಲದೆ ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಇದು ಸಾಲಿನ ತೀರ ಕೆಳಗಿನ ಉತ್ತರ. ಲೋಹವೂ ಆದ್ದರಿಂದ ಸುಳಿ ವಿದ್ಯುತ್ತೂ ಅದರಲ್ಲಿ ಹರಿಯುತ್ತದೆ. ಸಣ್ಣನೆಯ ನೇರ ಮೊಳೆಯಲ್ಲಿ ಮೊದಲನೆಯದೇ ಮೇಲುಗೈ, ಯಂತ್ರ ಸುಲಭವಾಗಿ ಗುರುತು ಹಿಡಿಯುತ್ತದೆ. ಚಪ್ಪಟೆಯಾದ ಉಕ್ಕಿನ ಮುಚ್ಚಳ, ವಾಷರ್, ತಗಡುಗಳಲ್ಲಿ ಸುಳಿ ಹರಿಯಲು ಅಗಲವಾದ ಜಾಗವಿರುತ್ತದೆ, ಎರಡನೆಯ ಉತ್ತರ ಜೋರಾಗುತ್ತದೆ. ಆಗ ಯಂತ್ರ ಬೆಳ್ಳಿ ಎಂದುಕೊಂಡು ಕೂಗುತ್ತದೆ.

ಕಬ್ಬಿಣದ ಇನ್ನೊಂದು ಉಪದ್ರವ ಮರೆಮಾಚುವುದು. ನಾಣ್ಯದ ಮಗ್ಗುಲಲ್ಲಿ ಮೊಳೆಯೊಂದಿದ್ದರೆ ಎರಡರ ಉತ್ತರವೂ ಒಟ್ಟಾಗಿ ಬರುತ್ತದೆ. ಕಬ್ಬಿಣದ ಸದ್ದನ್ನು ಪೂರ್ತಿ ಅಡಗಿಸುವಂತೆ ಯಂತ್ರವನ್ನು ಹೊಂದಿಸಿದ್ದರೆ ನಾಣ್ಯದ ಸದ್ದೂ ಅದರೊಂದಿಗೆ ಅಡಗಬಹುದು. ಇದಕ್ಕೆ ಮೂರು ಉಪಾಯ. ಕಬ್ಬಿಣವನ್ನು ಮೂಕ ಮಾಡುವ ಬದಲು ತಗ್ಗಿದ ದನಿಯಲ್ಲಿ ಕೇಳುವಂತೆ ಬಿಡಿ. ಒತ್ತೊತ್ತಾಗಿ ಮೊಳೆಗಳಿರುವ ಹಳೆಯ ಮನೆಯ ಜಾಗದಲ್ಲಿ ಚಿಕ್ಕ ತಟ್ಟೆ ಬಳಸಿ. ಒಂದು ಸದ್ದಿನಿಂದ ಚೇತರಿಸಿಕೊಂಡು ಮುಂದಿನದನ್ನು ಕೇಳುವ ವೇಗವನ್ನು ಹೆಚ್ಚಿಸುವ ಸೌಲಭ್ಯ ಯಂತ್ರದಲ್ಲಿದ್ದರೆ ಹೆಚ್ಚಿಸಿ, ಜೊತೆಗೆ ನಿಧಾನವಾಗಿ ಬೀಸಿ. ಗೊರಗುಟ್ಟುವಿಕೆಯ ನಡುವೆ ಒಂದು ತುಣುಕು ಟಿಣ್ ಒಂದೇ ಜಾಗದಲ್ಲಿ ಮರುಕಳಿಸಿದರೆ ಅಲ್ಲಿ ತೋಡಬೇಕು.

ಸುತ್ತಲಿನ ಲೋಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಡಿಟೆಕ್ಟರಿನ ಚರಿತ್ರೆಯ ಮೊದಲ ಪುಟದಲ್ಲೇ ನಿದರ್ಶನವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗಿನ ಗುಂಡು ಎಲ್ಲಿದೆಯೆಂದು ತಿಳಿಯಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ಎರಡು ಸುರುಳಿಗಳ ಸಮತೋಲದ ಯಂತ್ರವೊಂದನ್ನು ಕಟ್ಟಿ ತಂದರು. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು, ಸದ್ದು ಗೊಂದಲವಾಯಿತು. ಗುಂಡು ಬಲಭಾಗದಲ್ಲಿದೆ ಎಂದು ನಂಬಿದ್ದ ವೈದ್ಯ ಬ್ಲಿಸ್ ಆ ಭಾಗವನ್ನೇ ಹುಡುಕಿಸಿದರು. ಗುಂಡು ಇದ್ದದ್ದು ಎಡಕ್ಕೆ. ಗಾರ್ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು. ಯಂತ್ರದ ತತ್ತ್ವದಲ್ಲಿ ದೋಷವಿರಲಿಲ್ಲ. ಸುತ್ತಲಿನ ಕಬ್ಬಿಣ ಮತ್ತು ಮೊದಲೇ ಗಟ್ಟಿಮಾಡಿಕೊಂಡಿದ್ದ ಊಹೆ, ಇವೆರಡೂ ಸೇರಿ ಅದನ್ನು ಸೋಲಿಸಿದವು. ಪಾರ್ಕಿನಲ್ಲಿ ಸೋಲಿಸುವುದೂ ಇವೇ ಎರಡು.

ಮಣ್ಣೂ ಉತ್ತರ ಕೊಡುತ್ತದೆ

ಕಬ್ಬಿಣದ ಅಂಶವಿರುವ ಮಣ್ಣು, ಉಪ್ಪುನೀರು ತುಂಬಿದ ಮರಳು ತಾವೇ ಯಂತ್ರಕ್ಕೆ ಉತ್ತರ ಕೊಡುತ್ತವೆ. ಆ ಗದ್ದಲವನ್ನು ಲೆಕ್ಕದಿಂದ ಕಳೆಯುವ ಕ್ರಿಯೆಯೇ ಗ್ರೌಂಡ್ ಬ್ಯಾಲೆನ್ಸ್. ಲೋಹವಿಲ್ಲದ ಜಾಗ ನೋಡಿ, ಯಂತ್ರದ ಸೂಚನೆಯಂತೆ ತಟ್ಟೆಯನ್ನು ಮೇಲೆಕೆಳಗೆ ಆಡಿಸಿ ಅದನ್ನು ಹೊಂದಿಸಬೇಕು. ಮಣ್ಣಿನ ಬಣ್ಣ ಬದಲಾದ ಜಾಗದಲ್ಲಿ ಮತ್ತೊಮ್ಮೆ ಮಾಡಬೇಕು. ಅಮೆರಿಕದ ವರ್ಜೀನಿಯಾದ ಕೆಂಪು ಮಣ್ಣು ಈ ವಿಷಯದಲ್ಲಿ ಹವ್ಯಾಸಿಗಳ ನಡುವೆ ಕುಖ್ಯಾತ. ನಮ್ಮ ಕರಾವಳಿ, ಮಲೆನಾಡುಗಳ ಜಂಬಿಟ್ಟಿಗೆಯೂ ಕಬ್ಬಿಣ ತುಂಬಿದ್ದೇ.

ಇಂಥ ಮಣ್ಣಿನಲ್ಲಿ ಆಳ ಹೆಚ್ಚಿದಂತೆ ನಾಣ್ಯದ ಸಂಖ್ಯೆಯೂ ಅಲುಗಾಡುತ್ತದೆ, ಕಬ್ಬಿಣದ ಕಡೆಗೆ ವಾಲುತ್ತದೆ. ಹತ್ತು ಸೆಂಟಿಮೀಟರಿನಲ್ಲಿ ಸ್ಥಿರವಾಗಿ ಕಂಡ ಡೈಮ್ ಇಪ್ಪತ್ತರಲ್ಲಿ ಅರೆಬರೆಯಾಗಿ ಕಾಣಬಹುದು. ಆದ್ದರಿಂದ ಮೇಲುಮಟ್ಟದ ಸದ್ದಿಗೆ ಕಟ್ಟುನಿಟ್ಟು, ಆಳದ ಸದ್ದಿಗೆ ಸಡಿಲು ಎಂಬುದು ಒಳ್ಳೆಯ ನಿಯಮ. ಎರಡು ಸೆಂಟಿಮೀಟರಿನಲ್ಲಿರುವ ನಾಣ್ಯ ತನ್ನ ಸಂಖ್ಯೆಯನ್ನು ನೆಟ್ಟಗೆ ತೋರಿಸಲೇಬೇಕು. ಇಪ್ಪತ್ತು ಸೆಂಟಿಮೀಟರಿನಲ್ಲಿರುವುದಕ್ಕೆ ರಿಯಾಯಿತಿ ಕೊಡಬೇಕು.

ತಟ್ಟೆಯನ್ನು ಅಲುಗಿಸದೆ ಹಿಡಿದಾಗಲೂ ಯಂತ್ರ ಚಿಟಿಚಿಟಿ ಎನ್ನುತ್ತಿದ್ದರೆ ಅದು ನೆಲದ ಮಾತಲ್ಲ. ಹತ್ತಿರದ ವಿದ್ಯುತ್ ತಂತಿಯೋ ಇನ್ನೊಂದು ಡಿಟೆಕ್ಟರೋ ಕಾರಣ. ಸೆನ್ಸಿಟಿವಿಟಿ ಇಳಿಸಿ ಅಥವಾ ಆವರ್ತನ ಬದಲಿಸಿ. ಸೆನ್ಸಿಟಿವಿಟಿಯನ್ನು ಸದಾ ತುತ್ತತುದಿಗೆ ಏರಿಸಿಡುವವರಿಗೆ ಆಳಕ್ಕಿಂತ ಗದ್ದಲವೇ ಹೆಚ್ಚು ಸಿಗುತ್ತದೆ. ಆವರ್ತನದ ವಿಷಯದಲ್ಲಿ ಸ್ಥೂಲ ನಿಯಮವೊಂದಿದೆ: ಕಡಿಮೆ ಆವರ್ತನ ಬೆಳ್ಳಿ-ತಾಮ್ರದ ದೊಡ್ಡ ನಾಣ್ಯಗಳಿಗೆ ಒಲಿಯುತ್ತದೆ, ಹೆಚ್ಚಿನ ಆವರ್ತನ ತೆಳು ಚಿನ್ನಕ್ಕೂ ಸಣ್ಣ ತುಣುಕುಗಳಿಗೂ. ಹೊಸ ಯಂತ್ರಗಳು ಹಲವು ಆವರ್ತನಗಳನ್ನು ಒಟ್ಟಿಗೇ ಬಳಸುತ್ತವೆ.

ಅಂಗಳದ ಪಾಠಶಾಲೆ

ಕಲಿಕೆ ಶುರುವಾಗಬೇಕಾದ್ದು ಪಾರ್ಕಿನಲ್ಲಲ್ಲ, ಮನೆಯಲ್ಲಿ. ಕಬ್ಬಿಣವಿಲ್ಲದ ಮರದ ಮೇಜಿನ ಮೇಲೆ ಯಂತ್ರವನ್ನಿಟ್ಟು, ಕೈಯ ಉಂಗುರ-ಗಡಿಯಾರ ತೆಗೆದು, ಒಂದೊಂದೇ ವಸ್ತುವನ್ನು ತಟ್ಟೆಯ ಮುಂದೆ ಆಡಿಸಿ. ನಿಕಲ್, ಸೆಂಟ್, ಡೈಮ್, ಎಳೆಗೊಂಡಿ, ಮುಚ್ಚಳ, ಮೊಳೆ, ಉಂಗುರ. ಕಣ್ಣು ಮುಚ್ಚಿಕೊಂಡು ಇನ್ನೊಬ್ಬರಿಂದ ಆಡಿಸಿ, ಸದ್ದಿನಿಂದಲೇ ಹೇಳಲು ನೋಡಿ. ಭಾರತದ ಒಂದು, ಎರಡು ರೂಪಾಯಿಯ ಈಗಿನ ನಾಣ್ಯಗಳನ್ನೂ ಆಡಿಸಿ ನೋಡಿ. ಅವು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಉಕ್ಕಿನವು. ಉಕ್ಕಿನ ಮುಚ್ಚಳದಂತೆಯೇ ಗೊಂದಲ ಎಬ್ಬಿಸಬಲ್ಲವು. ಬ್ರಿಟನ್ನಿನ ಒಂದು, ಎರಡು ಪೆನ್ನಿ ನಾಣ್ಯಗಳೂ 1992ರಿಂದ ತಾಮ್ರ ಲೇಪಿಸಿದ ಉಕ್ಕಿನವೇ. ಕಬ್ಬಿಣ ಬಿಟ್ಟರೆ ನಾಣ್ಯ ತಪ್ಪುವುದಿಲ್ಲ ಎಂಬ ನಿಯಮ ಎಲ್ಲ ದೇಶಕ್ಕೂ ಸಲ್ಲುವುದಿಲ್ಲ ಎಂಬುದು ಮೇಜಿನ ಮೇಲೆಯೇ ತಿಳಿಯುತ್ತದೆ.

ಆಮೇಲೆ ಹಿತ್ತಲಲ್ಲಿ ಲೋಹವಿಲ್ಲದ ಒಂದು ಪಟ್ಟಿ ಆರಿಸಿ, ನಾಣ್ಯಗಳನ್ನು 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತಿಡಿ. ಒಂದನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದರ ಪಕ್ಕ ಮೊಳೆ ಇಡಿ. ಎಲ್ಲಿ ಏನಿದೆ ಎಂದು ಬರೆದುಕೊಳ್ಳಿ. ಗಾಳಿಯಲ್ಲಿ ಕೇಳಿದ್ದಕ್ಕೂ ಮಣ್ಣಿನೊಳಗಿಂದ ಕೇಳುವುದಕ್ಕೂ ಇರುವ ಅಂತರ ಆಗ ಗೊತ್ತಾಗುತ್ತದೆ.

ಹೊರಗೆ ಹೋದ ಮೊದಲ ದಿನಗಳಲ್ಲಿ ಮರುಕಳಿಸುವ ಸದ್ದನ್ನೆಲ್ಲ ತೋಡಿ, ಕಬ್ಬಿಣವೆಂದು ಖಾತ್ರಿಯಿದ್ದರೂ ಕೆಲವನ್ನು ತೋಡಿ. ಪ್ರತಿ ಸಲವೂ ತೋಡುವ ಮುನ್ನ ಊಹೆ ಹೇಳಿಕೊಳ್ಳಿ. ಸಣ್ಣ ಪುಸ್ತಕದಲ್ಲಿ ಮೂರು ಕಲಂ ಸಾಕು: ಏನು ಕೇಳಿತು, ಏನೆಂದುಕೊಂಡೆ, ಏನು ಸಿಕ್ಕಿತು. ಒಂದೇ ಜಾಗದ ಪುಟಗಳು ಸೇರುತ್ತ ಹೋದಂತೆ ಆ ಜಾಗದ ಸ್ವಭಾವ ಕಾಣುತ್ತದೆ. ಒಂದು ಪಾರ್ಕಿನಲ್ಲಿ ಸತುವಿನ ಸೆಂಟಿನ ಸಂಖ್ಯೆಗೆ ಸಿಕ್ಕಿದ್ದೆಲ್ಲ ತಿರುಪು ಮುಚ್ಚಳ ಎಂದಾದರೆ ಅಲ್ಲಿ ಅದನ್ನು ಬಿಡುವುದು ಲೆಕ್ಕಾಚಾರದ ಮಾತು. ಪುಸ್ತಕವಿಲ್ಲದೆ ಬಿಟ್ಟರೆ ಅದು ಬರೀ ಸೋಮಾರಿತನ.

ಸದ್ದಿನ ಹಿಂದೆ ಕಾನೂನು

ಟಿಣ್ ಎಂದ ಜಾಗದಲ್ಲೆಲ್ಲ ಅಗೆಯುವ ಹಕ್ಕು ಯಾರಿಗೂ ಇಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಸುವುದೇ ನಿಷಿದ್ಧ. ಒಕ್ಕೂಟ ಸರ್ಕಾರದ ಜಮೀನಿನಲ್ಲಿರುವ ನೂರು ವರ್ಷ ದಾಟಿದ ಪುರಾತತ್ತ್ವ ವಸ್ತುಗಳಿಗೆ 1979ರ ಕಾಯ್ದೆಯ ರಕ್ಷಣೆಯಿದೆ. ಊರಿನ ಪಾರ್ಕುಗಳ ನಿಯಮ ಊರಿಗೊಂದು, ಹೋಗುವ ಮುನ್ನ ಕೇಳಬೇಕು. ಖಾಸಗಿ ಜಾಗಕ್ಕೆ ಒಡೆಯರ ಒಪ್ಪಿಗೆ ಬೇಕು. ಹುಲ್ಲನ್ನು ಮೂರು ಕಡೆ ಕತ್ತರಿಸಿ ಮಗುಚಿ, ನಾಣ್ಯ ತೆಗೆದ ಮೇಲೆ ಮಣ್ಣು ತುಂಬಿ ಅದನ್ನು ಮತ್ತೆ ಮುಚ್ಚಬೇಕು. ಸಿಕ್ಕ ಕಸವನ್ನು ಜೊತೆಗೇ ಒಯ್ಯಬೇಕು, ನಾಳೆ ಅದೇ ಕಸ ಮತ್ತೆ ಮೋಸ ಮಾಡದಿರಲಿಕ್ಕಾದರೂ. ಮಣ್ಣು ಮೆತ್ತಿದ ಹಳೆಯ ನಾಣ್ಯವನ್ನು ಅಲ್ಲೇ ಬೆರಳಿನಿಂದ ಉಜ್ಜಬಾರದು. ಒಂದು ಉಜ್ಜಿಗೆ ಅದರ ಸಂಗ್ರಹಮೌಲ್ಯ ಹೋಗುತ್ತದೆ.

ಬ್ರಿಟನ್ನಿನಲ್ಲಿ 1992ರ ನವೆಂಬರ್‌ನಲ್ಲಿ ಎರಿಕ್ ಲಾಸ್ ಎಂಬವರು ಸಫೋಕ್‌ನ ಹಾಕ್ಸ್‌ನ್ ಎಂಬಲ್ಲಿ ರೈತ ಗೆಳೆಯನ ಕಳೆದುಹೋದ ಸುತ್ತಿಗೆಯನ್ನು ಹುಡುಕಲು ಡಿಟೆಕ್ಟರ್ ಹಿಡಿದು ಹೊಲಕ್ಕಿಳಿದರು. ಅವರಿಗೆ ಸಿಕ್ಕದ್ದು ರೋಮನ್ ಕಾಲದ ಖಜಾನೆ, ಸುಮಾರು 15,000 ನಾಣ್ಯಗಳು. ಅವರು ಪೂರ್ತಿ ಅಗೆಯದೆ ನಿಲ್ಲಿಸಿ ಸುದ್ದಿ ಮುಟ್ಟಿಸಿದ್ದರಿಂದ ಪುರಾತತ್ತ್ವಜ್ಞರು ಉಳಿದದ್ದನ್ನು ಇದ್ದ ಜಾಗದಲ್ಲಿ ಇದ್ದ ಹಾಗೆಯೇ ದಾಖಲಿಸಲು ಸಾಧ್ಯವಾಯಿತು. ಸದ್ದುಗಳು ಒತ್ತೊತ್ತಾಗಿ ಒಂದೇ ಕಡೆ ಬರತೊಡಗಿದರೆ ಸಲಿಕೆ ಕೆಳಗಿಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿ ಈಗ ಇಂಥ ನಿಧಿಯನ್ನು 1996ರ ಟ್ರೆಷರ್ ಕಾಯ್ದೆಯಂತೆ 14 ದಿನಗಳೊಳಗೆ ವರದಿ ಮಾಡಲೇಬೇಕು.

ಹೊರದೇಶದಲ್ಲಿ ಈ ಹವ್ಯಾಸ ಹತ್ತಿಸಿಕೊಂಡ ಕನ್ನಡಿಗರು ರಜೆಗೆ ಊರಿಗೆ ಬರುವಾಗ ಯಂತ್ರವನ್ನೂ ಹೊತ್ತು ತರುವ ಮುನ್ನ ಇಲ್ಲಿನ ಕಾನೂನು ತಿಳಿದಿರಲಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಜಾರಿಯಲ್ಲಿದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಕೇಂದ್ರದ 1958ರ ಕಾಯ್ದೆಯಡಿ ಅಪರಾಧ. ರಾಜ್ಯದ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯ್ದೆಯಿದೆ. ಹಾಳು ಗುಡಿಯ ಗರ್ಭಗುಡಿ ಅಗೆಯುವ ನಿಧಿಗಳ್ಳರ ಸುದ್ದಿ ಓದಿ ರೋಸಿಹೋದ ಊರಿನಲ್ಲಿ ಡಿಟೆಕ್ಟರ್ ಹಿಡಿದು ಸುತ್ತುವವರನ್ನು ಜನ ಹವ್ಯಾಸಿಗಳೆಂದು ನೋಡುವುದಿಲ್ಲ. ಇಲ್ಲಿ ಆ ಯಂತ್ರದ ಒಳ್ಳೆಯ ಉಪಯೋಗವೆಂದರೆ ತೋಟದಲ್ಲಿ ಬಿದ್ದುಹೋದ ಓಲೆ, ಕಾಲ್ಗೆಜ್ಜೆ ಹುಡುಕಿಕೊಡುವುದು.

ತೋಡಬೇಕೇ, ಬೇಡವೇ?

ಕೊನೆಗೆ ಎಲ್ಲ ಪರೀಕ್ಷೆಗಳೂ ಬಂದು ನಿಲ್ಲುವುದು ಈ ಪ್ರಶ್ನೆಗೆ. ಸ್ವರ ಎತ್ತರ, ಸದ್ದು ಚುಟುಕು, ಎರಡೂ ದಿಕ್ಕಿನಿಂದ ಒಂದೇ ಥರ, ಆಳ ಹತ್ತು ಸೆಂಟಿಮೀಟರಿಗಿಂತ ಹೆಚ್ಚು, ಜಾಗ ಹಳೆಯದು: ಯೋಚಿಸದೆ ತೋಡಿ. ಸ್ವರ ಎತ್ತರವಿದ್ದೂ ಅಂಚಿನಲ್ಲಿ ಗೊರಗುಟ್ಟಿದರೆ ಬಿಡಿ. ಎಳೆಗೊಂಡಿಯ ಸಂಖ್ಯೆ ಬಂದು ಸದ್ದು ದುಂಡಗೆ ಸ್ವಚ್ಛವಾಗಿದ್ದರೆ ಆ ದಿನ ಎಷ್ಟು ಸಮಯವಿದೆ, ಎಷ್ಟು ತಾಳ್ಮೆಯಿದೆ ನೋಡಿಕೊಳ್ಳಿ. ಚಿನ್ನ ಸಿಕ್ಕವರಿಗೆಲ್ಲ ಅದು ಸಿಕ್ಕಿರುವುದು ಎಳೆಗೊಂಡಿಗಳನ್ನು ತೋಡಿಯೇ. ಯಾವ ಯಂತ್ರವೂ ಇವೆರಡನ್ನು ನಿಮಗಾಗಿ ಬೇರ್ಪಡಿಸಿ ಕೊಡುವುದಿಲ್ಲ. ಹೆಚ್ಚು ಬೆಲೆಯ ಯಂತ್ರ ಕೊಂಡರೂ ತಪ್ಪು ಊಹೆಗಳು ಒಂದಿಷ್ಟು ಕಡಿಮೆಯಾದಾವು, ಅಗೆತ ತಪ್ಪುವುದಿಲ್ಲ.